ಕೆಂಚ ಅವತ್ತು ಬೊಗಳಲಿಲ್ಲ

ನಾನು ಪಶುವೈದ್ಯೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಕೆಲಸ. ದಿನದ ಮುಕ್ಕಾಲು ಪಾಲು ದನ, ಎಮ್ಮೆಗಳ ಹಿಂದೆಯೇ ಹೋಗುತ್ತದೆ. ನಾಯಿ, ಬೆಕ್ಕು ನೋಡುವುದೆಲ್ಲ ‘ಹೆಂಗೂ ಬಂದಿದೀರಲ್ಲ, ಇದನ್ನೂ ಒಂಚೂರು ನೋಡಿ’ ಅನ್ನುವ ಲೆಕ್ಕದಲ್ಲಿ.

ಆ ಮನೆಗೆ ಹೋಗಿದ್ದೂ ಹಸು ನೋಡಲಿಕ್ಕೇ. ಕೃತಕ ಗರ್ಭಧಾರಣೆಯ ಇಂಜೆಕ್ಷನ್ ಮಾಡಿಸಿ ಮೂರು ತಿಂಗಳಾಗಿತ್ತು. ಗಬ್ಬ ನಿಂತಿದೆಯೋ ಇಲ್ಲವೋ ನೋಡಬೇಕಿತ್ತು. ಅಡಿಕೆ ಕೊಯ್ಲಿನ ಕಾಲ. ಅಂಗಳದ ಮೂಲೆಯಲ್ಲಿ ಹಂಡೆ ತುಂಬ ಅಡಿಕೆ ಬೇಯುತ್ತಿತ್ತು, ಚೊಗರಿನ ವಾಸನೆ ರಸ್ತೆವರೆಗೂ ಬರುತ್ತಿತ್ತು. ನಾನು ಭುಜದವರೆಗೆ ಗ್ಲೌಸ್ ಹಾಕಿಕೊಂಡು, ಕೊಟ್ಟಿಗೆಯಲ್ಲಿ ಹಸುವಿನ ಹಿಂದೆ ನಿಂತು, ಕೈ ಒಳಗೆ ಹಾಕಿ ಗರ್ಭಕೋಶ ತಡಕಿದೆ. ‘ಗಬ್ಬ ಹೌದು’ ಅಂದೆ.

ಮನೆಯ ಅಜ್ಜಿ ನಕ್ಕರು. ‘ನಿಮಗೆ ಇಷ್ಟೆಲ್ಲ ಕಷ್ಟ ಡಾಕ್ಟ್ರಮ್ಮ. ನಮ್ಮ ಕೆಂಚ ಜಗಲಿ ಮೇಲೆ ಬಿದ್ಕೊಂಡೇ ಹೇಳ್ತದೆ.’

ಕೈ ತೊಳೆದು ಜಗಲಿಗೆ ಬಂದಾಗ ಅರ್ಥವಾಯಿತು. ಮೊಮ್ಮಗನ ಹೆಂಡತಿಗೂ ಮೂರು ತಿಂಗಳು. ಚೊಗರಿನ ವಾಸನೆ ತಡೆಯಲಾಗದೆ ಕೈಯಲ್ಲಿ ನಿಂಬೆಹಣ್ಣು ಹಿಡಿದು ಮೂಸುತ್ತಾ ಕುಳಿತಿದ್ದಳು. ಅವಳ ಕುರ್ಚಿಯ ಕೆಳಗೆ ಕೆಂಚ. ಕೆಂಪು ಬಣ್ಣದ ಊರುನಾಯಿ, ನಾಲ್ಕೈದು ವರ್ಷ ಇರಬಹುದು. ಗಲ್ಲವನ್ನು ಅವಳ ಪಾದದ ಮೇಲೆ ಇಟ್ಟು ಮಲಗಿತ್ತು.

‘ಇವಳು ಬಸುರಿ ಅಂತ ನಮಗೆ ಗೊತ್ತಾಗೋಕಿಂತ ಮುಂಚೆ ಇದಕ್ಕೆ ಗೊತ್ತಾಗಿತ್ತು ಮಾರಾಯ್ರೇ. ಹಿಂದೆ ಹಿಂದೆನೇ ತಿರುಗ್ತಿತ್ತು. ಈಗಂತೂ ತೋಟಕ್ಕೂ ಹೋಗಲ್ಲ, ಅವಳನ್ನ ಬಿಟ್ಟು ಏಳಲ್ಲ. ಅವಳು ಊಟ ಬಿಟ್ರೆ ಇದೂ ಬಿಡ್ತದೆ!’

ನನಗೆ ಈ ವಿಷಯ ಅಂದರೆ ಇಷ್ಟ. ಕಾಫಿ ಬಂತು, ನಾನೂ ಶುರು ಮಾಡಿದೆ. ನಮ್ಮ ಮೂಗಿನಲ್ಲಿ ವಾಸನೆ ಹಿಡಿಯುವ ಜೀವಕೋಶಗಳು 50–60 ಲಕ್ಷ. ನಾಯಿಗೆ, ತಳಿಯ ಮೇಲೆ, ಹತ್ತಿಪ್ಪತ್ತು ಕೋಟಿ, ಕೆಲವಕ್ಕೆ 30 ಕೋಟಿವರೆಗೂ. ಬಸುರಾದಾಗ ಹೆಂಗಸಿನ ಮೈಯಲ್ಲಿ ಹಾರ್ಮೋನುಗಳು ಏರುತ್ತವೆ, ಬೆವರು, ಉಸಿರು, ಮೂತ್ರ ಎಲ್ಲದರಲ್ಲೂ ಬದಲಾವಣೆ ಆಗುತ್ತದೆ. 1978ರಲ್ಲೇ ಅಮೆರಿಕದಲ್ಲಿ ನಾಯಿಗಳಿಗೆ ತರಬೇತಿ ಕೊಟ್ಟು, ಬೆದೆಗೆ ಬಂದ ಹಸುವನ್ನು ವಾಸನೆಯಿಂದಲೇ ಗುರುತಿಸುವಂತೆ ಮಾಡಿದ್ದರು. 2022ರಲ್ಲಿ ಬೆಲ್‌ಫಾಸ್ಟ್‌ನ ಕ್ವೀನ್ಸ್ ವಿಶ್ವವಿದ್ಯಾಲಯದವರು ಮನುಷ್ಯರಿಗೆ ಕಷ್ಟದ ಲೆಕ್ಕ ಬಿಡಿಸಲು ಕೊಟ್ಟು, ಮೊದಲಿನ ಮತ್ತು ಆಮೇಲಿನ ಬೆವರು, ಉಸಿರಿನ ಸ್ಯಾಂಪಲ್ ತೆಗೆದುಕೊಂಡರು. ಟೆನ್ಷನ್ ಆದವರ ಸ್ಯಾಂಪಲ್ ಯಾವುದು ಅಂತ ನಾಯಿಗಳು 100ರಲ್ಲಿ 93ಕ್ಕೂ ಹೆಚ್ಚು ಸಲ ಸರಿಯಾಗಿ ತೋರಿಸಿದವು.

ಇದೆಲ್ಲ ಹೇಳಿದೆ. ಅಜ್ಜಿಗೆ ಖುಷಿಯೋ ಖುಷಿ. ಅಡಿಕೆ ಸುಲಿಯಲು ಬಂದಿದ್ದ ಹೆಂಗಸೊಬ್ಬರು ‘ಹಂಗಾದ್ರೆ ಗಂಡೋ ಹೆಣ್ಣೋ ಅದೂ ಗೊತ್ತಾಗ್ತದಾ?’ ಅಂತ ಕೇಳಿದರು. ‘ಗೊತ್ತಾಗಲ್ಲ. ಗೊತ್ತಾದ್ರೂ ಹೇಳೋ ಹಾಗಿಲ್ಲ, ಕಾನೂನಿದೆ’ ಅಂದೆ. ಎಲ್ಲರೂ ನಕ್ಕರು. ಕೆಂಚನ ತಲೆ ಸವರಿ, ಬೈಕ್ ಹತ್ತಿ ಬಂದೆ.

ಹನ್ನೊಂದು ದಿನ ಬಿಟ್ಟು ಬೆಳಿಗ್ಗೆ ಆರೂವರೆಗೆ ಫೋನ್. ‘ಕೆಂಚನ ಮೂಗಿಂದ ರಕ್ತ ಬರ್ತಿದೆ ಮೇಡಂ, ಎದ್ದೇಳ್ತಿಲ್ಲ.’ ಓಮ್ನಿಯಲ್ಲಿ ಗೋಣಿಚೀಲದ ಮೇಲೆ ಮಲಗಿಸಿಕೊಂಡು ಬಂದರು. ತುಟಿ ಎತ್ತಿ ನೋಡಿದೆ. ಗುಲಾಬಿ ಬಣ್ಣ ಇರಬೇಕಾದ ಒಸಡು ಸುಣ್ಣ ಹೊಡೆದ ಗೋಡೆ ಹಾಗಿತ್ತು. ಜ್ವರ 104 ದಾಟಿತ್ತು. ನಾಯಿಗೆ 101ರಿಂದ 102 ಚಿಲ್ಲರೆ ಸಹಜ. ಕಿವಿಯ ಮಡಿಕೆ ಬಿಡಿಸಿದರೆ ಹುರುಳಿಕಾಳು ಅಂಟಿಸಿದ ಹಾಗೆ ಉಣುಗು. ಕಾಲ್ಬೆರಳ ಸಂದಿಯಲ್ಲೂ ಅದೇ.

ಉಣುಗು ಜ್ವರ. ನಾಯಿಯ ಕಂದು ಉಣುಗು ಕಚ್ಚಿದಾಗ ಎರ್ಲಿಕಿಯಾ ಅನ್ನುವ ಸೂಕ್ಷ್ಮಜೀವಿ ರಕ್ತಕ್ಕೆ ಸೇರಿ ಬಿಳಿ ರಕ್ತಕಣದೊಳಗೆ ಕೂರುತ್ತದೆ. ಮೊದಲು ಸುಸ್ತು, ಊಟ ಬೇಡ, ಜ್ವರ. ಆಮೇಲೆ ಪ್ಲೇಟ್‌ಲೆಟ್ ಇಳಿದು ರಕ್ತಸ್ರಾವ. ರಕ್ತದ ಸ್ಯಾಂಪಲ್ಲನ್ನು ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಿದೆ. ರಿಪೋರ್ಟ್ ಬರುವವರೆಗೆ ಕಾಯದೆ ಔಷಧ ಶುರು ಮಾಡಿದೆ. ಪ್ಲೇಟ್‌ಲೆಟ್ ಎರಡು ಲಕ್ಷ ಇರಬೇಕಾದ ಕಡೆ 40 ಸಾವಿರವೂ ಇರಲಿಲ್ಲ.

ಡ್ರಿಪ್ ಹನಿ ಎಣಿಸುತ್ತಾ ಕೂತಾಗ ಆ ಜಗಲಿ ಮತ್ತೆ ಕಣ್ಣಿಗೆ ಬಂತು. ತೋಟಕ್ಕೆ ಹೋಗಲ್ಲ ಅಂದಿದ್ದರು. ಊಟ ಬಿಡುತ್ತದೆ ಅಂದಿದ್ದರು. ಕುರ್ಚಿ ಪಕ್ಕದಲ್ಲಿ ಒಂದು ತೆಂಗಿನ ಕರಟ ಇತ್ತು. ಅದರಲ್ಲಿ ಸೋಪಿನ ನೀರು, ನೀರಿನ ಮೇಲೆ ಅಜ್ಜಿ ಹೆಕ್ಕಿ ಹಾಕಿದ್ದ ಉಣುಗು ತೇಲುತ್ತಿದ್ದವು. ನೋಡಿದ್ದೆ. ಕಾಫಿ ಲೋಟ ಅದರ ಪಕ್ಕದಲ್ಲೇ ಇಟ್ಟಿದ್ದೆ!

ಎಲ್ಲಕ್ಕಿಂತ ಜಾಸ್ತಿ ಚುಚ್ಚಿದ್ದು ಇನ್ನೊಂದು. ಕೆಂಚ ಅವತ್ತು ನನಗೆ ಬೊಗಳಲಿಲ್ಲ. ಹಿಂದಿನ ವರ್ಷ ರೇಬಿಸ್ ಲಸಿಕೆ ಹಾಕಿದ ಮೇಲೆ ನನ್ನ ಬೈಕ್ ಶಬ್ದ ಕೇಳಿದರೆ ಸಾಕು, ಗೇಟಿನವರೆಗೆ ಓಡಿ ಬಂದು ಬಯ್ಯುತ್ತಿತ್ತು. ಅಂಥ ನಾಯಿ ತಲೆ ಸವರಿದರೂ ಸುಮ್ಮನಿತ್ತು. ನಾನು ‘ಬಸುರಿ ಪಕ್ಕ ಕೂತು ಇದೂ ಸಾಧು ಆಗಿದೆ’ ಅಂದುಕೊಂಡೆ. ನಾಯಿಯ ಮೂಗಿನ ಬಗ್ಗೆ ಹದಿನೈದು ನಿಮಿಷ ಭಾಷಣ ಮಾಡಿದವಳು ಆ ನಾಯಿಗೆ ಎರಡು ನಿಮಿಷ ಥರ್ಮಾಮೀಟರ್ ಇಡಲಿಲ್ಲ.

ಮನೆಯವರಿಗೆ ನೇರವಾಗಿ ಹೇಳಿದೆ, ಅವತ್ತೇ ನೋಡಬೇಕಿತ್ತು, ತಪ್ಪು ನನ್ನದು ಅಂತ. ಅಜ್ಜಿಗೆ ಅದಕ್ಕಿಂತ ದೊಡ್ಡ ಚಿಂತೆ ಇತ್ತು. ‘ಉಣುಗು ಅಂದ್ರಲ್ಲ ಡಾಕ್ಟ್ರಮ್ಮ. ಮಂಗನ ಕಾಯಿಲೆನಾ? ಬಸುರಿ ಹುಡುಗಿ ಪಕ್ಕದಲ್ಲೇ ಇತ್ತಲ್ಲ.’ ನಮ್ಮ ಕಡೆ ಉಣುಗು ಅಂದರೆ ಎಲ್ಲರ ಎದೆ ಮೊದಲು ಹೋಗುವುದೇ ಅಲ್ಲಿಗೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಅದು ಪತ್ತೆಯಾದಾಗಿನಿಂದ ಇದು ಮಲೆನಾಡಿನ ಭಯ. ಅದನ್ನು ಹರಡುವುದು ಕಾಡಿನ ಉಣುಗು, ಇದು ನಾಯಿಯ ಉಣುಗು, ಜಾತಿಯೇ ಬೇರೆ ಅಂತ ಬಿಡಿಸಿ ಹೇಳಿದೆ. ಹಾಗಂತ ಕೈಯಲ್ಲಿ ಕಿತ್ತು ಉಗುರಲ್ಲಿ ಒತ್ತಬೇಡಿ, ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೆಟ್ಟಗೆ ಎಳೀರಿ. ಸೊಪ್ಪಿಗೆ ಕಾಡಿಗೆ ಹೋಗುವವರು ಆಶಾ ಕಾರ್ಯಕರ್ತೆಯರು ಕೊಡುವ, ಉಣುಗು ಹತ್ತದ ಹಾಗೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳದೆ ಹೋಗಬೇಡಿ. ಇದನ್ನು ಎರಡೆರಡು ಸಲ ಹೇಳಿದೆ.

28 ದಿನ ಮಾತ್ರೆ. ಅಕ್ಕಿರೊಟ್ಟಿ ಚೂರಿನಲ್ಲಿ ಸುತ್ತಿ ಆ ಹುಡುಗಿ ಕೊಟ್ಟರೆ ಮಾತ್ರ ತಿನ್ನುತ್ತಿತ್ತಂತೆ. ಗಂಡ ಕೊಟ್ಟರೆ ರೊಟ್ಟಿ ತಿಂದು ಮಾತ್ರೆ ಉಗುಳುತ್ತಿತ್ತು.

ಹಾಗಾದರೆ ಅಜ್ಜಿ ಹೇಳಿದ್ದು ಸುಳ್ಳಾ? ಅಲ್ಲ. ಶುರುವಿನಲ್ಲಿ ಹಿಂದೆ ಹಿಂದೆ ತಿರುಗಿದ್ದು ನಿಜವೇ ಇರಬೇಕು. ಅವಳ ಮೈವಾಸನೆ ಬದಲಾಗಿದ್ದು ನಾಯಿಗೆ ತಿಳಿದಿರುತ್ತದೆ. ಆದರೆ ‘ವಾಸನೆ ಬೇರೆ ಆಗಿದೆ’ ಅನ್ನುವುದಕ್ಕೂ ‘ಒಳಗೆ ಮಗು ಇದೆ’ ಅನ್ನುವುದಕ್ಕೂ ಬಹಳ ದೂರ. ಹಸುವಿನ ಬೆದೆ ಗುರುತಿಸಿದ ಆ ನಾಯಿಗಳಿಗೂ ಬಹುಮಾನ ಕೊಟ್ಟು ಕೊಟ್ಟು ಕಲಿಸಿದ್ದರು. ಮನೆಯ ನಾಯಿಗೆ ಅದನ್ನು ಯಾರೂ ಕಲಿಸಿಲ್ಲ.

ವಾಸನೆ ಒಂದೇ ಅಲ್ಲ, ಮನೆಯೇ ಬದಲಾಗಿರುತ್ತದೆ. ಬೆಳಿಗ್ಗೆ ಆರಕ್ಕೆ ತೋಟಕ್ಕೆ ಹೊರಡುತ್ತಿದ್ದವಳು ಜಗಲಿ ಬಿಟ್ಟು ಇಳಿಯುವುದಿಲ್ಲ. ಮಧ್ಯಾಹ್ನ ಮಲಗುತ್ತಾಳೆ, ವಾಂತಿ ಮಾಡುತ್ತಾಳೆ, ತಟ್ಟೆಯಲ್ಲಿ ಅರ್ಧ ಅನ್ನ ಬಿಡುತ್ತಾಳೆ. ಆ ಅನ್ನ ಹೋಗುವುದು ಯಾರಿಗೆ? ನಾಯಿ ಅವಳ ಹಿಂದೆ ಸುತ್ತದೆ ಇನ್ನೇನು ಮಾಡೀತು! ಬರ್ಲಿನ್‌ನಲ್ಲಿ ಹ್ಯಾನ್ಸ್ ಅಂತ ಒಂದು ಕುದುರೆ ಇತ್ತು, ಗೊರಸು ಕುಟ್ಟಿ ಲೆಕ್ಕದ ಉತ್ತರ ಹೇಳುತ್ತದೆ ಅಂತ ಹೆಸರಾಗಿತ್ತು. ಆಸ್ಕರ್ ಫುಂಗ್ಸ್ಟ್ ಅನ್ನುವವರು ಪರೀಕ್ಷೆ ಮಾಡಿ 1907ರಲ್ಲಿ ಬರೆದರು: ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ, ಸರಿ ಉತ್ತರ ಹತ್ತಿರ ಬಂದಾಗ ಎದುರು ನಿಂತವರ ಮೈ, ತಲೆ ಸ್ವಲ್ಪ ಅಲ್ಲಾಡುವುದನ್ನು ನೋಡಿ ಅದು ನಿಲ್ಲಿಸುತ್ತಿತ್ತು. ನನಗೆ ಅದು ಲೆಕ್ಕಕ್ಕಿಂತ ದೊಡ್ಡ ವಿದ್ಯೆ ಅನ್ನಿಸುತ್ತದೆ.

ಬೆಕ್ಕಿನ ಬಗ್ಗೆಯೂ ಕೇಳುತ್ತಾರೆ. ನಾನು ಬಸುರಿಯಾಗಿದ್ದಾಗ ನಮ್ಮ ಮನೆ ಬೆಕ್ಕಿಗೆ ಗೊತ್ತಾಗಿದ್ದರೆ ಅದು ಕೊನೆವರೆಗೂ ಬಾಯಿ ಬಿಡಲಿಲ್ಲ. ಬೆಕ್ಕಿನ ವಿಷಯದಲ್ಲಿ ನೋಡಬೇಕಾಗಿದ್ದು ಟಾಕ್ಸೊಪ್ಲಾಸ್ಮಾ ಅನ್ನುವ ಪರಾವಲಂಬಿ ಸೂಕ್ಷ್ಮಜೀವಿ. ಇಲಿ ತಿನ್ನುವ ಬೆಕ್ಕಿನ ಮಲದಲ್ಲಿ ಬರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ. ಮಲ ಬಿದ್ದು ಕನಿಷ್ಠ ಒಂದು ದಿನ ಕಳೆದ ಮೇಲೆಯೇ ಅದು ಅಂಟುವ ಹಂತಕ್ಕೆ ಬರುವುದು. ಹಾಗಾಗಿ ದಿನವೂ ತೆಗೆಯಬೇಕು, ಬಸುರಿ ಬಿಟ್ಟು ಬೇರೆಯವರು ತೆಗೆಯಬೇಕು. ಮಣ್ಣಿನ ಕೆಲಸಕ್ಕೆ ಗ್ಲೌಸ್, ಮಾಂಸ ಚೆನ್ನಾಗಿ ಬೇಯಬೇಕು. ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಘಾಟಿ ದಾಟಿಸುವುದು ಬೇಡ. ನಿಜ ಹೇಳಬೇಕಂದರೆ ನಮ್ಮ ಕಡೆ ನಾನು ಹೆಚ್ಚು ಹೆದರುವುದು ಕೊಟ್ಟಿಗೆಗೆ. ಹಸು ಕಂದು ಹಾಕಿದರೆ ಆ ಮಾಸನ್ನು ಬಸುರಿಯರು ಮುಟ್ಟಲೇಬಾರದು, ಮನುಷ್ಯರಿಗೂ ಅಂಟುವ ಬ್ರುಸೆಲ್ಲಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ಉಳಿದವರೂ ಬರಿಗೈಯಲ್ಲಿ ಮುಟ್ಟಬಾರದು.

ಈಗ ಯಾರಾದರೂ ‘ನಮ್ಮ ನಾಯಿಗೆ ಗೊತ್ತಾಗಿದೆ’ ಅಂದರೆ ಖುಷಿಯಿಂದಲೇ ಕೇಳುತ್ತೇನೆ. ಕೇಳುತ್ತಾ ಕೇಳುತ್ತಾ ಒಸಡು ನೋಡುತ್ತೇನೆ, ಕಿವಿ ಮಡಿಚುತ್ತೇನೆ. ಊಟ ಪೂರ್ತಿ ಮಾಡುತ್ತದಾ, ರಾತ್ರಿ ಬೊಗಳುತ್ತದಾ ಅಂತ ವಿಚಾರಿಸುತ್ತೇನೆ. ಒಂದೆರಡು ಮನೆಯವರು ಮುಖ ಸಣ್ಣ ಮಾಡಿಕೊಂಡಿದ್ದಾರೆ, ನಾನು ಅವರ ಕಥೆ ನಂಬಲಿಲ್ಲ ಅಂತ. ಮಾಡಿಕೊಳ್ಳಲಿ.

ಮಾರ್ಚ್‌ನಲ್ಲಿ ಮತ್ತೆ ಆ ಮನೆಗೆ ಹೋದೆ. ಹಸುವಿಗೆ ಏಳು ತುಂಬಿತ್ತು, ಹಾಲು ಬತ್ತಿಸಬೇಕಿತ್ತು. ಬೈಕ್ ತಿರುವಿನಲ್ಲಿರುವಾಗಲೇ ಕೆಂಚ ಗೇಟಿಗೆ ಬಂದು ಬಾಯಿಗೆ ಬಂದ ಹಾಗೆ ಬೊಗಳಿತು. ಇಷ್ಟು ವರ್ಷದ ಕೆಲಸದಲ್ಲಿ ಬೈಗುಳ ಅಷ್ಟು ಇಂಪಾಗಿ ಕೇಳಿದ್ದಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಹೋಗಿ ಜಗಲಿಯ ಖಾಲಿ ಕುರ್ಚಿ ಕೆಳಗೆ ಮಲಗಿತು. ಸೀಮಂತ ಮುಗಿಸಿ ಹುಡುಗಿ ತವರಿಗೆ ಹೋಗಿ ಮೂರು ದಿನವಾಗಿತ್ತು.

‘ಅವಳು ಹೋದಾಗಿಂದ ಸರಿ ಊಟ ಇಲ್ಲ ಇದಕ್ಕೆ. ನೆನಪು ಮಾಡ್ಕೊಳ್ತದೆ ಪಾಪ’ ಅಂದರು ಅಜ್ಜಿ.

‘ಹೌದಮ್ಮ, ಇರಬಹುದು’ ಅಂದೆ. ಬ್ಯಾಗಿನಿಂದ ಥರ್ಮಾಮೀಟರ್ ತೆಗೆದೆ.