ಮಹಾಗನಿಯ ಸುಳಿ ಉಳಿಯಿತು!

ಈ ಸಲದ ಮಳೆಗಾಲವನ್ನು ನಮ್ಮ ಮಹಾಗನಿಯ ಎರಡು ಸಾಲು ಸುಳಿ ಕಳೆದುಕೊಳ್ಳದೆ ದಾಟಿವೆ. ಗದಗ ಜಿಲ್ಲೆಯ ಶಿರಹಟ್ಟಿ ಕಡೆಯ ಮಸಾರಿ ಹೊಲ, ಅಂದ್ರೆ ಕೆಂಪು ಮಣ್ಣು. ಗುಂಡಿ, ಗೊಬ್ಬರ, ಡ್ರಿಪ್ ಎಲ್ಲ ನಿಮಗೆ ಗೊತ್ತಿರೋದೇ. ಸೀದಾ ಸುಳಿ ಕೊರೆಯುವ ಹುಳದ ವಿಷಯಕ್ಕೆ ಬರ್ತೀನಿ.

ಈ ಹುಳದಿಂದ ಗಿಡ ಸಾಯೋದು ಕಡಿಮೆ, ಆದರೆ ಕೆಟ್ಟು ಹೋಗುತ್ತೆ. ಮಳೆ ಬಿದ್ದು ಎಳೆ ಚಿಗುರು ಬಂತು ಅನ್ನೋವಷ್ಟರಲ್ಲಿ ಪತಂಗ ಬಂದು ಮೊಟ್ಟೆ ಇಡುತ್ತೆ, ಆಮೇಲೆ ತುದಿ ಬಾಡಿ ಜೋತು ಬೀಳುತ್ತೆ. ಅದನ್ನು ಕತ್ತರಿಸಿ ಉದ್ದಕ್ಕೆ ಸೀಳಿ ನೋಡಿ. ತಿರುಳೆಲ್ಲ ಖಾಲಿ. ತೂತಿನ ಬಾಯಿಗೆ ನೂಲು, ಹಿಕ್ಕೆ ಸೇರಿಸಿ ಕಟ್ಟಿದ ಕಂದು ಮುಚ್ಚಳ, ಅದರ ಹಿಂದೆ ಹುಳ. ಹಾಗೆ ಬಾಗಿಲು ಹಾಕಿಕೊಂಡ ಮೇಲೆ ಬೇವಿನ ಎಣ್ಣೆ ಹೊಡೆದರೂ ಅಷ್ಟೇ, ಅಂಗಡಿ ಔಷಧ ಹೊಡೆದರೂ ಅಷ್ಟೇ. ಸುಳಿ ಹೋದ ಗಿಡ ಸುತ್ತಲೂ ಕವಲೊಡೆಯುತ್ತೆ. ಪಕ್ಕದ ಹೊಲದ ಕಾಕಾ ನೋಡಿ, “ತಮ್ಮಾ, ಗಿಡಾ ಹಚ್ಚೀಯೋ ಕಸಬರಿಗಿ ಹಚ್ಚೀಯೋ?” ಅಂದರು. ನೇರ ಕಾಂಡ ಇಲ್ಲದೆ ಹಲಗೆ ಎಲ್ಲಿಂದ ಬರಬೇಕು, ಅಲ್ವಾ?

ಮಹಾಗನಿಯ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಅಲ್ಲಿ ಹಿಪ್ಸಿಪೈಲಾ ಗ್ರಾಂಡೆಲ್ಲಾ ಅನ್ನೋ ಸುಳಿ ಕೊರೆಯುವ ಹುಳ ಕಾಟ ಕೊಟ್ಟರೆ ಇಲ್ಲಿ ಅದರ ದಾಯಾದಿ ಹಿಪ್ಸಿಪೈಲಾ ರೋಬಸ್ಟಾ. ದೊಡ್ಡೆಲೆ ಮಹಾಗನಿ 1872ರಲ್ಲೇ ಕಲ್ಕತ್ತೆಗೆ ಬಂದಿದೆ, ಹುಳದ ವಿಷಯವೂ ಹೊಸದಲ್ಲ. ಆದರೂ ಸಸಿ ಮಾರಿದ ನರ್ಸರಿಯವರು ಎಷ್ಟು ವರ್ಷಕ್ಕೆ ಎಷ್ಟು ಲಕ್ಷ ಅಂತ ಲೆಕ್ಕ ಹೇಳಿದರೇ ಹೊರತು ಇದರ ಬಗ್ಗೆ ಬಾಯಿ ಬಿಡಲಿಲ್ಲ. ಚೀಲ ಹರಿದರೆ ಅರ್ಧಕ್ಕರ್ಧ ಸಸಿಗಳ ಬೇರು ಸುತ್ತಿಕೊಂಡಿತ್ತು. ಸಿಟ್ಟು ಇನ್ನೂ ಇಳಿದಿಲ್ಲ.

ಕೆಲಸ ಮಾಡಿದ್ದು ತೊಗರಿ. ಉಳಿದ ಆ ಎರಡು ಸಾಲುಗಳ ಅಕ್ಕಪಕ್ಕ ಮುಂಗಾರಿನಲ್ಲೇ ದಟ್ಟವಾಗಿ ಬಿತ್ತಿದೆ. ಪಕ್ಕಕ್ಕೆ ನೆರಳು, ನೆತ್ತಿಗೆ ಬಿಸಿಲು. ಗಿಡ ಬೆಳಕು ಹುಡುಕಿಕೊಂಡು ನೆಟ್ಟಗೆ ಎದ್ದಿತು, ಪತಂಗದ ಕಣ್ಣಿಗೂ ಅಷ್ಟು ಬೀಳಲಿಲ್ಲ ಅನ್ಸುತ್ತೆ. ಬಯಲಲ್ಲಿದ್ದ ಸಾಲುಗಳಲ್ಲಿ ಸುಳಿ ಹೋದ ಗಿಡಗಳಿಗೆ ಕತ್ತರಿಯೇ ಗತಿ. ತೂತು ಮುಗಿಯುವಲ್ಲಿಂದ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯನ್ನು ಹುಳದ ಸಮೇತ ಸುಟ್ಟೆ. ಹೊಸ ಚಿಗುರು ಗೇಣುದ್ದ ಆದ ಮೇಲೆ ನೇರವಾದ ಒಂದನ್ನು ಬಿಟ್ಟು ಉಳಿದದ್ದು ತೆಗೆದೆ. 15 ಅಡಿವರೆಗೆ ಹೀಗೆ ಕಾಯ್ದರೆ ಸಾಕು, ಅದರ ಮೇಲೆ ಎಷ್ಟು ಬೇಕಾದರೂ ಕವಲೊಡೆಯಲಿ.

ಹೊಲದ ಮೇಲ್ಭಾಗದ ಗರಸು (ಕಲ್ಲು ಬೆರೆತ) ನೆಲಕ್ಕೆ ಮಾತ್ರ ಮಹಾಗನಿ ಬೇಡ, ಅಲ್ಲಿ ರಕ್ತಚಂದನ. ಕಡಪಾ, ಚಿತ್ತೂರಿನ ಕಲ್ಲುಗುಡ್ಡದಲ್ಲಿ ಬೆಳೆಯೋ ಮರ, ನಮ್ಮ ಕಡೆಯ ಕಪ್ಪತಗುಡ್ಡದ ಬಿಸಿಲಿಗೆ ಹೆದರಲ್ಲ. ನಿಧಾನ, ಆದರೆ ನನಗೆ ಆ ಮರದ ಮೇಲೆ ಜೀವ. ಈ ಸಲ ಸಸಿ ಕೊಳ್ಳಲ್ಲ. ಕಾಯಿ ನೆನೆಸಿ ನಾನೇ ಸಸಿಮಡಿ ಮಾಡ್ತೀನಿ.

ಇನ್ನು ತೊಗರಿ ಕೊಯ್ದ ಮೇಲೆ ಪಕ್ಕದ ನೆರಳು ಹೋಗುತ್ತೆ. ಆ ಜಾಗಕ್ಕೆ ನುಗ್ಗೆ ಹಾಕೋ ಯೋಚನೆ ಇದೆ. ಕಲಘಟಗಿ, ಹಾನಗಲ್ ಕಡೆ ಮಳೆ ಜಾಸ್ತಿ, ಚಿಗುರೂ ಜಾಸ್ತಿ. ಅಲ್ಲಿ ಮಹಾಗನಿ ಹಾಕಿದವರು ಯಾವ ತಿಂಗಳಲ್ಲಿ ಸುಳಿ ಹೋಗುತ್ತೆ ಅಂತ ಬರೆದು ತಿಳಿಸಿ.