ತಾಂಪೆರೆಯ ಬಾಲ್ಕನಿ ಮತ್ತು ಅಡುಗೆಮನೆ

ಹೆಲ್ಸಿಂಕಿಯಿಂದ ರೈಲು ಹತ್ತಿದರೆ ಎರಡು ಗಂಟೆಯೊಳಗೆ ತಾಂಪೆರೆ ಬರುತ್ತದೆ. ಎರಡು ದೊಡ್ಡ ಸರೋವರಗಳ ನಡುವೆ ಹಬ್ಬಿರುವ ಊರಿದು. ಮೇಲಿನ ಸರೋವರದ ನೀರು 18 ಮೀಟರ್ ಇಳಿದು, ಊರಿನ ನಟ್ಟನಡುವೆ ಹಾದು, ಕೆಳಗಿನದನ್ನು ಸೇರುತ್ತದೆ. ತಾಮ್ಮೆರ್‌ಕೋಸ್ಕಿ ಎಂಬ ಈ ಹರಿವಿನ ಬಲವನ್ನು ಕಂಡು ಸ್ಕಾಟ್ಲೆಂಡಿನ ಜೇಮ್ಸ್ ಫಿನ್ಲೇಸನ್ 1820ರಲ್ಲಿ ಇಲ್ಲಿ ಕಾರ್ಖಾನೆ ತೆರೆದ. ಅದೇ ಮುಂದೆ ದೊಡ್ಡ ಹತ್ತಿ ಗಿರಣಿಯಾಯಿತು. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರಿದ್ದಂತೆ ತಾಂಪೆರೆಗೆ ಫಿನ್ಲೆಂಡಿನ ಮ್ಯಾಂಚೆಸ್ಟರ್ ಎಂಬ ಹೆಸರಿದೆ.

ನನ್ನನ್ನು ಇಲ್ಲಿಗೆ ಎಳೆತಂದದ್ದು 1906ರ ಒಂದು ಕಾನೂನು. ಆಗ ರಷ್ಯಾದ ಚಕ್ರವರ್ತಿಯ ಅಧೀನದಲ್ಲಿದ್ದ ಫಿನ್ಲೆಂಡ್, ಹೆಂಗಸರಿಗೆ ಮತ ಹಾಕುವ ಹಕ್ಕನ್ನೂ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಒಟ್ಟಿಗೆ ಕೊಟ್ಟಿತು. ಯುರೋಪಿನಲ್ಲಿ ಹೆಂಗಸರಿಗೆ ರಾಷ್ಟ್ರಮಟ್ಟದ ಮತಹಕ್ಕು ಸಿಕ್ಕಿದ್ದು ಅದೇ ಮೊದಲು. ಇಂಥ ಸಂಗತಿಗಳನ್ನು ರಾಜಧಾನಿಯ ಸಂಸತ್ ಭವನದ ಮುಂದೆ ನಿಂತು ನೆನೆಯುವುದು ವಾಡಿಕೆ. ಆದರೆ ಆ ಹಕ್ಕನ್ನು ಕೇಳಿದವರು ಎಲ್ಲಿ ಮಲಗುತ್ತಿದ್ದರು, ಎಲ್ಲಿ ಅಡುಗೆ ಮಾಡುತ್ತಿದ್ದರು ಎಂಬುದನ್ನು ನೋಡಬೇಕೆಂಬ ಆಸೆ ನನ್ನದು. ಈ ಊರಿನಲ್ಲಿ ಕೆಲಸದಲ್ಲಿರುವ ಚಿಕ್ಕಮ್ಮನ ಮಗಳು ಅದಕ್ಕಾಗಿ ನನ್ನನ್ನು ನೇರವಾಗಿ ಆಮುರಿಗೆ ಕರೆದುಕೊಂಡು ಹೋದಳು.

ಆಮುರಿ ಗಿರಣಿ ಕೆಲಸಗಾರರ ಕೇರಿಯಾಗಿತ್ತು. ಊರಿನಿಂದ ದೂರವೆನಿಸುತ್ತಿದ್ದ ಜಾಗವಾದ್ದರಿಂದ ರಷ್ಯಾದ ಮೂಡಣ ತುದಿಯ ಅಮೂರ್ ಪ್ರದೇಶದ ಹೆಸರು ಅಂಟಿಕೊಂಡಿತಂತೆ. ಇಂದು ನಡೆದುಕೊಂಡು ಹೋದರೂ ಪೇಟೆಯಿಂದ ಸ್ವಲ್ಪವೇ ಹೊತ್ತು. ಹಳೆಯ ಮರದ ಮನೆಗಳಲ್ಲಿ ಹೆಚ್ಚಿನವು ಹೋಗಿವೆ. ಉಳಿದ ಕೆಲವನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ.

ಒಳಗೆ ಕಾಲಿಟ್ಟ ಕೂಡಲೇ ತಂಗಿ, "ಅಕ್ಕಾ, ಇದು ನಮ್ಮ ವಠಾರವೇ" ಎಂದಳು. ಅವಳ ಮಾತು ನಿಜ. ಒಂದು ಅಡುಗೆಮನೆ, ಅದಕ್ಕೆ ತೆರೆದುಕೊಳ್ಳುವ ನಾಲ್ಕು ಕೋಣೆಗಳು, ಕೋಣೆಗೊಂದು ಸಂಸಾರ. ಸಾಲದ್ದಕ್ಕೆ ಆ ಒಂದು ಕೋಣೆಯಲ್ಲಿಯೇ ಬಾಡಿಗೆಗೆ ಮಲಗುವವರನ್ನೂ ಇಟ್ಟುಕೊಳ್ಳುತ್ತಿದ್ದರು. ಸ್ನಾನಕ್ಕೆ ಎಲ್ಲರಿಗೂ ಸೇರಿ ಅಂಗಳದಾಚೆ ಒಂದು ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ. ಕೋಣೆಗಳನ್ನು ಬೇರೆ ಬೇರೆ ದಶಕಗಳಿಗೆ ತಕ್ಕಂತೆ ಜೋಡಿಸಿದ್ದಾರೆ. ಒಂದರಲ್ಲಿ ತೊಟ್ಟಿಲು, ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಗೋಡೆಗೆ ಅಂಟಿಸಿದ ಹಳೆಯ ಪತ್ರಿಕೆಯ ಹಾಳೆಗಳು.

ನಾನು ಬಹಳ ಹೊತ್ತು ನಿಂತದ್ದು ಅಡುಗೆಮನೆಯಲ್ಲಿ. ನಾಲ್ಕು ಮನೆಯ ಹೆಂಗಸರು ದಿನವೂ ಎದುರುಬದುರಾಗುವ ಜಾಗ ಅದು. ಯಾರ ಮನೆಯಲ್ಲಿ ಕೂಲಿ ಕಡಿಮೆ ಬಂತು, ಯಾವ ಮಗುವಿಗೆ ಕೆಮ್ಮು, ಯಾವ ಮೇಸ್ತ್ರಿ ದಂಡ ಹಾಕಿದ ಎಂಬ ಸುದ್ದಿಗಳೆಲ್ಲ ಒಂದೇ ಹೊಗೆಯಲ್ಲಿ ಬೆರೆತಿರಬೇಕು. ಫಿನ್ಲೇಸನ್ ಗಿರಣಿಯ ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು, ಅವರ ಕೂಲಿ ಗಂಡಸರದ್ದಕ್ಕಿಂತ ಕಡಿಮೆ. ರಾಜಕೀಯ ಪ್ರಜ್ಞೆ ಭಾಷಣದ ಮೈದಾನದಲ್ಲಿ ಹುಟ್ಟುತ್ತದೆ ಎಂದು ಬರೆಯುವವರು ಒಮ್ಮೆ ಈ ಒಲೆಗಳ ಮುಂದೆ ನಿಲ್ಲಬೇಕು.

ಗಿರಣಿಯ ಕೆಂಪು ಇಟ್ಟಿಗೆಯ ಕಟ್ಟಡಗಳಲ್ಲಿ ಈಗ ಹೋಟೆಲು, ಸಿನಿಮಾ, ಕಚೇರಿಗಳಿವೆ. 1882ರಲ್ಲಿಯೇ ಇಲ್ಲಿನ ನೇಯ್ಗೆಯ ಕಟ್ಟಡದಲ್ಲಿ ವಿದ್ಯುತ್ ದೀಪ ಉರಿದಿತ್ತು. ಅದೇ ಆವರಣದಲ್ಲಿರುವ ಕಾರ್ಮಿಕ ವಸ್ತುಸಂಗ್ರಹಾಲಯ ವೆರ್ಸ್ತಾಸ್‌ನಲ್ಲಿ ಗಿರಣಿಯನ್ನು ನಡೆಸುತ್ತಿದ್ದ ಬೃಹತ್ ಉಗಿಯಂತ್ರ ತನ್ನ ಮೂಲ ಜಾಗದಲ್ಲಿಯೇ ನಿಂತಿದೆ. 

ಅಲ್ಲಿಂದ ಕೇಂದ್ರ ಚೌಕಕ್ಕೆ ನಡೆದೆವು. ಹಳೆಯ ಪುರಭವನದ ಬಾಲ್ಕನಿಯ ಕೆಳಗೆ ಟ್ರಾಮ್‌ಗಳು ಓಡಾಡುತ್ತವೆ. ಈ ಬಾಲ್ಕನಿಯ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1899ರಲ್ಲಿ ರಷ್ಯಾದ ಚಕ್ರವರ್ತಿ ಎರಡನೆಯ ನಿಕೋಲಸ್ ಫಿನ್ಲೆಂಡಿನ ಸ್ವಾಯತ್ತತೆಯನ್ನು ಮೊಟಕುಗೊಳಿಸುವ ಘೋಷಣೆ ಹೊರಡಿಸಿದ. ಜನ ಹಳ್ಳಿಹಳ್ಳಿ ತಿರುಗಿ, ಎರಡು ವಾರಗಳ ಆಸುಪಾಸಿನಲ್ಲಿ 5,20,000ಕ್ಕೂ ಹೆಚ್ಚು ಸಹಿಗಳನ್ನು ಕೂಡಿಸಿ ರಷ್ಯಾದ ಅಂದಿನ ರಾಜಧಾನಿ ಪೀಟರ್ಸ್‌ಬರ್ಗ್‌ಗೆ ಒಯ್ದರು. ಚಕ್ರವರ್ತಿ ಆ ನಿಯೋಗಕ್ಕೆ ಮುಖ ಕೊಡಲಿಲ್ಲ. 1904ರಲ್ಲಿ ಫಿನ್ಲೆಂಡಿನಲ್ಲಿ ಚಕ್ರವರ್ತಿಯ ಪ್ರತಿನಿಧಿಯಾಗಿದ್ದ ಗವರ್ನರ್ ಜನರಲ್ ಬೊಬ್ರಿಕೋವ್ ಹೆಲ್ಸಿಂಕಿಯಲ್ಲಿ ಗುಂಡೇಟಿಗೆ ಬಲಿಯಾದ. ಮರುವರ್ಷ ಜಪಾನಿನ ಕೈಯಲ್ಲಿ ರಷ್ಯಾ ಸೋತಿತು. ಏಷ್ಯಾದ ದೇಶವೊಂದರ ಆ ಗೆಲುವಿಗೆ ಭಾರತದಲ್ಲಿ ಜನ ಹಿಗ್ಗಿದ್ದರು. ಅದೇ ಸೋಲು ಫಿನ್ಲೆಂಡಿನವರ ಪಾಲಿಗೂ ಒಂದು ಬಾಗಿಲು ತೆರೆಯಿತು. ರಷ್ಯಾದಲ್ಲಿ ಎದ್ದ ಮುಷ್ಕರ 1905ರ ಅಕ್ಟೋಬರ್ ಕೊನೆಗೆ ಇಲ್ಲಿಗೂ ಹಬ್ಬಿ, ರೈಲು ನಿಂತಿತು, ಗಿರಣಿ ನಿಂತಿತು.

ನವೆಂಬರ್ 1ರಂದು ಈ ಬಾಲ್ಕನಿಯಿಂದ ಪತ್ರಕರ್ತ ಯೂರ್ಯೊ ಮಾಕೆಲಿನ್ ಬರೆದ ಘೋಷಣೆಯನ್ನು ಓದಲಾಯಿತು. ಎಲ್ಲರಿಗೂ ಸಮಾನ ಮತವಿರುವ ರಾಷ್ಟ್ರೀಯ ಸಭೆ ಬೇಕೆಂಬುದು ಅದರ ತಿರುಳು. ಕೆಂಪು ಕಾಗದದಲ್ಲಿ ಅಚ್ಚಾದ ಅದಕ್ಕೆ ಕೆಂಪು ಘೋಷಣೆ ಎಂದೇ ಹೆಸರು. ಕೆಲವೇ ದಿನಗಳಲ್ಲಿ ಚಕ್ರವರ್ತಿ ಮಣಿದ. ಕುಲೀನರು, ಪಾದ್ರಿಗಳು, ಪಟ್ಟಣಿಗರು, ಜಮೀನುಳ್ಳ ರೈತರು ಎಂಬ ನಾಲ್ಕು ವರ್ಗಗಳ ಹಳೆಯ ಸಭೆ ಹೋಗಿ 200 ಸದಸ್ಯರ ಒಂದೇ ಸದನ ಬಂತು. ಮತದಾರರ ಸಂಖ್ಯೆ ಸುಮಾರು 1,25,000ದಿಂದ ಹನ್ನೆರಡು ಲಕ್ಷ ದಾಟಿತು. 1907ರ ಮಾರ್ಚ್ ಚುನಾವಣೆಯಲ್ಲಿ 19 ಹೆಂಗಸರು ಗೆದ್ದರು. ನಮ್ಮ ಮೈಸೂರು ಸಂಸ್ಥಾನದಲ್ಲಿ ಶಾಸನ ಪರಿಷತ್ತು ಆರಂಭವಾದದ್ದೂ ಅದೇ ವರ್ಷ. ಅಲ್ಲಿ ಹೆಂಗಸರ ಮಾತೇ ಇರಲಿಲ್ಲ.

ಆ 19 ಮಂದಿಯಲ್ಲಿ ನನಗೆ ಹತ್ತಿರವಾದವರು ಮೀನಾ ಸಿಲ್ಲಾನ್‌ಪಾ. ಹನ್ನೆರಡನೆಯ ವಯಸ್ಸಿಗೆ ಗಿರಣಿ ಸೇರಿ, ಆಮೇಲೆ ಮನೆಗೆಲಸಕ್ಕೆ ನಿಂತು, ಹೆಲ್ಸಿಂಕಿಯಲ್ಲಿ ಮನೆಗೆಲಸದವರ ಸಂಘ ಕಟ್ಟಿದವರು. 1926ರಲ್ಲಿ ದೇಶದ ಮೊದಲ ಮಹಿಳಾ ಸಚಿವೆಯಾದರು. ಮನೆಗೆಲಸದವರಿಗೆ ಇನ್ನೂ ವಾರದ ರಜೆಯೂ ಖಚಿತವಿಲ್ಲದ ನಮ್ಮ ನಗರಗಳಿಂದ ಹೋದವಳಿಗೆ ಈ ಬದುಕು ಹಳೆಯ ಕಥೆಯಾಗಿ ಕಾಣಲಿಲ್ಲ.

ಸಾಮಾನ್ಯವಾಗಿ ಫಿನ್ಲೆಂಡಿನ ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಅದು ಸರಿಯಲ್ಲ. ಮತ ಸಿಕ್ಕಿತು, ಅಧಿಕಾರ ಸಿಗಲಿಲ್ಲ. ಸಂಸತ್ತು ಅಂಗೀಕರಿಸಿದ ಕಾನೂನಿಗೆ ಚಕ್ರವರ್ತಿಯ ಒಪ್ಪಿಗೆ ಬೇಕಿತ್ತು. ಆತ ಸದನವನ್ನೇ ಮತ್ತೆ ಮತ್ತೆ ವಿಸರ್ಜಿಸಿದ. ಸಾರ್ವಜನಿಕ ನೆರವಿನಲ್ಲಿ ಬದುಕುವ ಬಡವರಿಗೆ ಮತವಿರಲಿಲ್ಲ. ಊರಿನ ಆಡಳಿತದಲ್ಲಿಯಂತೂ 1917ರವರೆಗೂ ತೆರಿಗೆ ಕಟ್ಟುವವರದ್ದೇ ದನಿ. ಆಮುರಿಯ ಹೆಂಗಸು ದೇಶದ ಸಂಸತ್ತಿಗೆ ಸದಸ್ಯರನ್ನು ಕಳುಹಿಸಬಹುದಿತ್ತು, ತನ್ನ ಬೀದಿಯ ಬಗ್ಗೆ ತೀರ್ಮಾನಿಸುವಂತಿರಲಿಲ್ಲ. ಮದುವೆಯಾದ ಹೆಂಗಸು ಸಂಸತ್ ಸದಸ್ಯೆಯಾದರೂ ಕಾನೂನಿನ ಕಣ್ಣಿನಲ್ಲಿ ಗಂಡನ ಪಾಲಕತ್ವದಲ್ಲಿಯೇ ಇದ್ದಳು. ಅದು ತೊಲಗಲು 1929ರ ವಿವಾಹ ಕಾಯಿದೆ ಬರಬೇಕಾಯಿತು.

ಈ ಅಂತರ ಎಲ್ಲಿಗೆ ಒಯ್ದಿತೆಂಬುದು ಕಾಣಿಸುವುದು ಊರಿನ ಪೂರ್ವಕ್ಕಿರುವ ಕಾಲೆವನ್‌ಕಾಂಗಸ್ ಸ್ಮಶಾನದಲ್ಲಿ. 1917ರ ಡಿಸೆಂಬರ್‌ನಲ್ಲಿ ದೇಶ ಸ್ವತಂತ್ರವಾಯಿತು. ಜನವರಿ ಮುಗಿಯುವಷ್ಟರಲ್ಲಿ ಕಾರ್ಮಿಕರು, ಸಮಾಜವಾದಿಗಳ ಕೆಂಪು ಪಕ್ಷ ಮತ್ತು ಸಂಪ್ರದಾಯವಾದಿ ಸರಕಾರದ ಬಿಳಿ ಪಕ್ಷಗಳ ನಡುವೆ ಅಂತರ್ಯುದ್ಧ ಶುರುವಾಯಿತು. ತಾಂಪೆರೆ ಕೆಂಪು ಪಕ್ಷದ ಗಟ್ಟಿ ನೆಲೆ. ಈ ಸ್ಮಶಾನದಲ್ಲಿಯೇ ಮಾರ್ಚ್ 28ರಂದು ಘೋರ ಕಾಳಗ ನಡೆಯಿತು. ಏಪ್ರಿಲ್ 6ಕ್ಕೆ ಊರು ಬಿತ್ತು. ಬಂದೂಕು ಹಿಡಿದಿದ್ದ ಗಿರಣಿಯ ಹುಡುಗಿಯರೂ ಸತ್ತವರಲ್ಲಿದ್ದರು. ಇಡೀ ದೇಶದಲ್ಲಿ ಕೆಲವೇ ತಿಂಗಳುಗಳಲ್ಲಿ 36,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಹನ್ನೆರಡು ಸಾವಿರದಷ್ಟು ಮಂದಿ ಸೆರೆಶಿಬಿರಗಳಲ್ಲಿ ಹಸಿವು, ರೋಗಗಳಿಂದ ಹೋದವರು. ಇಲ್ಲಿ ಕೆಂಪು ಪಕ್ಷದವರ ದೊಡ್ಡ ಸಾಮೂಹಿಕ ಸಮಾಧಿಯಿದೆ. ಇತ್ತ ಪೇಟೆಯ ಹಾಮೆನ್‌ಪುಯಿಸ್ತೊ ಸಾಲುಮರಗಳ ನಡುವೆ ಗೆದ್ದವರು 1921ರಲ್ಲಿ ನಿಲ್ಲಿಸಿದ ಸ್ವಾತಂತ್ರ್ಯದ ಪ್ರತಿಮೆಯಿದೆ. ಕತ್ತಿ ಎತ್ತಿ ಹಿಡಿದ ಆ ಪ್ರತಿಮೆಯನ್ನು ನೋಡಿ ನನಗೆ ಸಂತೋಷವಾಗಲಿಲ್ಲ. ಸೋತವರ ಮನೆಯವರು ಎಷ್ಟೋ ಕಾಲ ತಮ್ಮವರಿಗಾಗಿ ಬಹಿರಂಗವಾಗಿ ಅಳುವಂತೆಯೂ ಇರಲಿಲ್ಲ.

ತಾಂಪೆರೆಗೆ ಹೋಗುವವರು ಪ್ಯೂನಿಕ್ಕಿ ಗೋಪುರ ಹತ್ತಿ, ಅಲ್ಲಿನ ಹೆಸರಾಂತ ಡೋನಟ್ ತಿಂದು, ಸೌನಾ ಮುಗಿಸಿ ಮರಳುತ್ತಾರೆ. ಅವೂ ಚೆನ್ನಾಗಿಯೇ ಇವೆ. ಆದರೆ ಒಂದು ಹಗಲು ಬಿಡುವಿದ್ದರೆ ಮೊದಲು ಆಮುರಿಗೆ ಹೋಗಿ, ಆಮೇಲೆ ಬಾಲ್ಕನಿಗೆ, ಕೊನೆಗೆ ಕಾಲೆವನ್‌ಕಾಂಗಸ್‌ಗೆ. ಆಮುರಿಯ ಮನೆಗಳು ಮುಖ್ಯವಾಗಿ ಬೇಸಗೆಯಲ್ಲಿ ತೆರೆದಿರುತ್ತವೆ. ಹೊರಡುವ ಮೊದಲು ದಿನ, ವೇಳೆ ವಿಚಾರಿಸಿಕೊಳ್ಳಿ.