ಟಿಕೆಟ್ ನಂಬರ್ ಬಂತು, ದೂರು ಎಲ್ಲಿ ಹೋಯಿತು?

ಆ್ಯಪ್‌ನಲ್ಲಿ ‘ಹೆಲ್ಪ್’ ಗುಂಡಿ ಒತ್ತಿ ಬರೆದದ್ದನ್ನು ದೂರು ಅಂದುಕೊಂಡು ಕೂತವರು ನಮ್ಮ ಕಡೆ ಬಹಳ. ಅದು ಕಸ್ಟಮರ್ ಕೇರ್ ಚಾಟ್, ಅಷ್ಟೇ. ‘ನಿಮ್ಮ ಟಿಕೆಟ್ ರೈಸ್ ಆಗಿದೆ’ ಅಂತ ಬರುತ್ತದೆ, ಎರಡು ದಿನಕ್ಕೆ ‘ರಿಸಾಲ್ವ್ಡ್’ ಅಂತಲೂ ಬರುತ್ತದೆ, ಕೆಲಸ ಮಾತ್ರ ಆಗಿರುವುದಿಲ್ಲ. ಕಾನೂನಿನ ಗಡಿಯಾರ ಓಡಲು ಶುರುವಾಗುವುದು ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರು ಮುಟ್ಟಿದ ಮೇಲೆ. ತೀರ್ಥಹಳ್ಳಿಯ ಹುಡುಗಿಯ ಫೋಟೊ ತಿರುಚಿ ಹಾಕಿರಲಿ, ಶಿವಮೊಗ್ಗದ ವಿನೋಬನಗರದ ಡೆಲಿವರಿ ಹುಡುಗನ ಐಡಿ ಬ್ಲಾಕ್ ಆಗಿರಲಿ, ಸಾಗರದಲ್ಲಿ ಯಾರೋ ಸಾಲದ ಆ್ಯಪ್‌ಗೆ ಸಿಕ್ಕಿಬಿದ್ದಿರಲಿ, ಕಂಪನಿಗೆ ಉತ್ತರ ಕೊಡುವ ಹಂಗು ಬರುವುದು ಗಡುವು ಇರುವ ಬಾಗಿಲನ್ನು ತಟ್ಟಿದಾಗ. ಯಾವ ಸಂಕಟಕ್ಕೆ ಯಾವ ಬಾಗಿಲು, ಕೈಯಲ್ಲಿ ಏನಿರಬೇಕು ಎಂಬುದಷ್ಟೇ ಈ ಬರಹ.

ಮೊದಲು ಸಾಕ್ಷಿ. ಹೆಚ್ಚಿನ ದೂರುಗಳು ಸೋಲುವುದು ಇಲ್ಲೇ. ಸ್ಕ್ರೀನ್‌ಶಾಟ್ ತೆಗೆಯುವಾಗ ಮೇಲಿನ ಪಟ್ಟಿಯ ಸಮಯ, ಕಳಿಸಿದವರ ನಂಬರು ಅಥವಾ ಪ್ರೊಫೈಲ್, ಪೂರ್ತಿ ಪೋಸ್ಟ್ ಎಲ್ಲವೂ ಕಾಣಬೇಕು. ಬೈಗುಳವಿರುವ ಸಾಲನ್ನಷ್ಟೇ ಕತ್ತರಿಸಿ ಇಟ್ಟರೆ ಅದು ಯಾವುದಕ್ಕೂ ಬರುವುದಿಲ್ಲ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ಯೂಟ್ಯೂಬ್ ಆದರೆ ಆ ಪೋಸ್ಟಿನದೇ ಲಿಂಕ್ ಬೇಕು, ಪೇಜಿನ ಲಿಂಕ್ ಸಾಲದು. ಪ್ರೊಫೈಲ್‌ನ ಹೆಸರನ್ನು ನಿಮಿಷದಲ್ಲಿ ಬದಲಿಸಬಹುದು, ಹಾಗಾಗಿ ಪ್ರೊಫೈಲ್ ಲಿಂಕನ್ನೂ ಬರೆದಿಟ್ಟುಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲಿ ಮಾಯವಾಗುವ ಮೆಸೇಜ್ ಸೆಟ್ಟಿಂಗ್ 24 ಗಂಟೆ, 7 ದಿನ, 90 ದಿನ ಅಂತ ಇರುತ್ತದೆ. ಮೊದಲ ಕೆಲಸ ಅದನ್ನು ನೋಡುವುದು, ಎರಡನೆಯದು ಚಾಟ್ ಎಕ್ಸ್‌ಪೋರ್ಟ್ ಮಾಡಿ ನಿಮ್ಮದೇ ಇಮೇಲ್‌ಗೆ ಕಳಿಸಿಕೊಳ್ಳುವುದು. ಸಿಟ್ಟಿನಲ್ಲಿ ಗ್ರೂಪ್‌ನಿಂದ ಹೊರಬರುವವರು, ಬ್ಲಾಕ್ ಮಾಡುವವರು ಸಾಕ್ಷಿಯನ್ನೂ ಕಳೆದುಕೊಳ್ಳಬಹುದು. ಎಲ್ಲ ತೆಗೆದಿಟ್ಟುಕೊಂಡ ಮೇಲೆ ಬ್ಲಾಕ್ ಮಾಡಿ, ಬೇಡ ಅಂದವರು ಯಾರು?

ಆ ಚಿತ್ರಗಳನ್ನು ವಾಟ್ಸ್‌ಆ್ಯಪ್‌ನಲ್ಲಿ ಇನ್ನೊಬ್ಬರಿಗೆ ಫಾರ್ವರ್ಡ್ ಮಾಡಿ ‘ಸೇಫಾಗಿ ಇಟ್ಕೊಳ್ರೀ’ ಅನ್ನುವುದು ಕೆಟ್ಟ ಅಭ್ಯಾಸ. ಹಾಗೆ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ತೆಗೆದ ದಿನಾಂಕದಂಥ ವಿವರಗಳು ಉದುರಿಹೋಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ಗೆ ಹಾಕಿ. ಮೂಲ ಚಿತ್ರವನ್ನು ಫೋನಿನಿಂದ ಅಳಿಸಬೇಡಿ. ಕೋರ್ಟಿನವರೆಗೆ ಹೋಗುವ ಸಾಧ್ಯತೆ ಇದ್ದರೆ ಪ್ರತಿ ಫೈಲಿನ ಎಸ್‌ಎಚ್‌ಎ-256 ಹ್ಯಾಷ್ ತೆಗೆಸಿ. ಅದು ಫೈಲಿನ ಬೆರಳಚ್ಚಿನಂಥ, 64 ಅಕ್ಷರ-ಅಂಕಿಗಳ ಒಂದು ಸಾಲು. ಫೈಲಿನಲ್ಲಿ ಒಂದು ಚುಕ್ಕೆ ಬದಲಾದರೂ ಪೂರ್ತಿ ಬೇರೆಯಾಗುತ್ತದೆ. 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದಲ್ಲಿ ಈ ಹ್ಯಾಷ್ ಬರೆಯಲು ಜಾಗವಿದೆ. ಆ ಪತ್ರಕ್ಕೆ ಎರಡು ಭಾಗ: ಒಂದಕ್ಕೆ ಸಾಕ್ಷಿ ಕೊಡುವವರ ಸಹಿ, ಇನ್ನೊಂದಕ್ಕೆ ತಜ್ಞರ ಸಹಿ.

ಇನ್ನು ಪತ್ರ. 2021ರ ಮಾಹಿತಿ ತಂತ್ರಜ್ಞಾನ (ಐಟಿ) ನಿಯಮಗಳ ಪ್ರಕಾರ ಪ್ರತಿ ಸಾಮಾಜಿಕ ಜಾಲತಾಣವೂ ಕುಂದುಕೊರತೆ ಅಧಿಕಾರಿಯ ಹೆಸರು, ಸಂಪರ್ಕ ವಿವರವನ್ನು ತನ್ನ ವೆಬ್‌ಸೈಟ್ ಅಥವಾ ಆ್ಯಪ್‌ನಲ್ಲಿ ಹಾಕಲೇಬೇಕು. ದೇಶದಲ್ಲಿ 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿದ್ದರೆ ಆ ಅಧಿಕಾರಿ ಭಾರತದಲ್ಲೇ ವಾಸವಿರಬೇಕು. ದೂರು ಬಂದ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು. ತೀರ್ಮಾನಕ್ಕೆ ಮೊದಲು 15 ದಿನ ಇತ್ತು. 2026ರ ಫೆಬ್ರುವರಿಯ ತಿದ್ದುಪಡಿ ಅದನ್ನು 7 ದಿನಕ್ಕೆ ಇಳಿಸಿದೆ. ಇದನ್ನು ಪಾಲಿಸದ ಕಂಪನಿಗೆ ಐಟಿ ಕಾಯ್ದೆಯ 79ನೇ ಕಲಂ ಕೊಡುವ ರಕ್ಷಣೆ ತಪ್ಪಿಹೋಗಬಹುದು. ‘ಜನ ಹಾಕಿದ್ದಕ್ಕೆ ನಾವು ಹೊಣೆಯಲ್ಲ’ ಅನ್ನಲು ಅವರಿಗಿರುವ ಗುರಾಣಿ ಅದು. ಕಂಪನಿಗಳು ನಿಜಕ್ಕೂ ಹೆದರುವುದು ಇದಕ್ಕೆ, ನಮ್ಮ ಕಣ್ಣೀರಿಗಲ್ಲ.

ಪತ್ರದಲ್ಲಿ ಐದು ಸಂಗತಿ ಸಾಕು: ಯಾವ ಲಿಂಕ್, ಯಾವ ದಿನ ಎಷ್ಟು ಗಂಟೆಗೆ ನೋಡಿದ್ದು, ಕಂಪನಿಯದೇ ಯಾವ ನಿಯಮ ಅಥವಾ ದೇಶದ ಯಾವ ಕಾನೂನು ಮುರಿದಿದೆ, ಯಾರಿಗೆ ಏನು ತೊಂದರೆಯಾಯಿತು, ಈಗ ಏನು ಮಾಡಬೇಕು. ಕೊನೆಯದನ್ನೇ ಜನ ಬಿಟ್ಟುಬಿಡುತ್ತಾರೆ. ‘ಸೂಕ್ತ ಕ್ರಮ ಕೈಗೊಳ್ಳಿ’ ಅಂತ ಬರೆದರೆ ಕಂಪನಿ ತನಗೆ ಸೂಕ್ತ ಕಂಡದ್ದನ್ನು ಮಾಡುತ್ತದೆ. ‘ಈ ಮೂರು ಲಿಂಕ್ ತೆಗೆಯಿರಿ, ಖಾತೆಯ ವಿವರವನ್ನು ಪೊಲೀಸರಿಗಾಗಿ ಕಾಪಿಡಿ, ಕಾರಣಸಹಿತ ಲಿಖಿತ ಉತ್ತರ ಕೊಡಿ’ ಅಂತ ಬರೆಯಿರಿ. ಒಂದು ಪತ್ರಕ್ಕೆ ಒಂದೇ ವಿಷಯ. ಕನ್ನಡದಲ್ಲಿ ಬರೆಯುವುದಕ್ಕೆ ಅಡ್ಡಿಯೇನಿಲ್ಲ, ಮೇಲೆ ಐದು ಸಾಲಿನ ಇಂಗ್ಲಿಷ್ ಸಾರಾಂಶ ಇದ್ದರೆ ತಿರಸ್ಕರಿಸಲು ಒಂದು ನೆಪ ಕಡಿಮೆಯಾಗುತ್ತದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ ಬೈಗುಳ, ಜಾತಿ ಹಿಡಿದು ಹಂಗಿಸುವ ಊರಿನ ಮಾತು ಇವೆಲ್ಲ ಯಂತ್ರದ ಜರಡಿಗೆ ಸಿಗುವುದು ಅಪರೂಪ. ಅದು ಯಾರನ್ನು, ಯಾಕೆ ಚುಚ್ಚುತ್ತದೆ ಎಂದು ಎರಡು ಸಾಲಿನಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. 2021ರಲ್ಲಿ ಫೇಸ್‌ಬುಕ್‌ನ ಮಾಜಿ ಉದ್ಯೋಗಿ ಫ್ರಾನ್ಸಿಸ್ ಹೌಗೆನ್ ಹೊರಹಾಕಿದ ಕಂಪನಿಯ ದಾಖಲೆಗಳ ಪ್ರಕಾರ ಸುಳ್ಳು ಸುದ್ದಿ ಗುರುತಿಸಲು ಮೀಸಲಿಟ್ಟ ಬಜೆಟ್‌ನಲ್ಲಿ ಶೇ 87 ಅಮೆರಿಕಕ್ಕೇ ಹೋಗುತ್ತಿತ್ತು. ಹಿಂದಿ, ಬಂಗಾಳಿಗೇ ಗತಿಯಿರಲಿಲ್ಲ ಅಂದಮೇಲೆ ಕನ್ನಡದ ಪಾಡು ಊಹಿಸಿಕೊಳ್ಳಿ.

ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿ ಇದೆ. 2023ರ ಮಾರ್ಚ್ 1ರಿಂದ ಕೆಲಸ ಮಾಡುತ್ತಿದೆ, ಪೂರ್ತಿ ಆನ್‌ಲೈನ್, ವಕೀಲರು ಬೇಕಿಲ್ಲ. ಕಂಪನಿಯ ಉತ್ತರ ಸಿಕ್ಕ 30 ದಿನದೊಳಗೆ ಹೋಗಬೇಕು. ಇಲ್ಲಿ ಕೇಳುವ ಮೊದಲ ಕಾಗದವೇ ಕಂಪನಿಗೆ ಕೊಟ್ಟ ದೂರಿನ ಪ್ರತಿ ಮತ್ತು, ಬಂದಿದ್ದರೆ, ಅವರ ಉತ್ತರ. ಚಾಟ್‌ನಲ್ಲಿ ಗೋಳು ತೋಡಿಕೊಂಡವರ ಹತ್ತಿರ ಅದು ಇರುವುದಿಲ್ಲ. ಸಮಿತಿಯನ್ನು ನೇಮಿಸುವುದು ಸರ್ಕಾರವೇ, ಹಾಗಾಗಿ ಸರ್ಕಾರವನ್ನು ಟೀಕಿಸಿ ಪೋಸ್ಟ್ ಕಳೆದುಕೊಂಡವರಿಗೆ ಇದು ಎಷ್ಟು ಆಸರೆ ಎಂಬ ಅನುಮಾನ ನನಗಿದೆ. ನಕಲಿ ಖಾತೆ, ಹ್ಯಾಕ್ ಆದ ಖಾತೆ, ಕಾರಣ ಹೇಳದೆ ಮುಚ್ಚಿದ ಪೇಜುಗಳ ವಿಷಯದಲ್ಲಿ ಪ್ರಯತ್ನಿಸುವುದು ಲಾಭ.

ನಗ್ನ ಅಥವಾ ತಿರುಚಿದ ಚಿತ್ರವಾದರೆ ಏಳು ದಿನ ಕಾಯುವ ಅಗತ್ಯವೇ ಇಲ್ಲ. ಇದಕ್ಕೆ ನಿಯಮದಲ್ಲಿ ಬೇರೆಯೇ ಗಡುವಿದೆ. 2021ರಲ್ಲಿ 24 ಗಂಟೆ ಇತ್ತು, ಮೇಲೆ ಹೇಳಿದ ತಿದ್ದುಪಡಿಯಲ್ಲಿ 2 ಗಂಟೆಯಾಯಿತು. ದೂರನ್ನು ಸಂತ್ರಸ್ತೆಯೇ ಕೊಡಬೇಕೆಂದಿಲ್ಲ, ಅವಳ ಪರವಾಗಿ ಯಾರಾದರೂ ಕೊಡಬಹುದು. ಜೊತೆಗೆ ‘ಸ್ಟಾಪ್ ಎನ್‌ಸಿಐಐ’ ಎಂಬ ಉಚಿತ ಸೇವೆ ಇದೆ. ಚಿತ್ರವನ್ನು ಯಾರಿಗೂ ಕಳಿಸುವುದಿಲ್ಲ. ಅದರ ಹ್ಯಾಷ್ ಫೋನಿನಲ್ಲೇ ತಯಾರಾಗಿ, ಆ ಹ್ಯಾಷ್ ಮಾತ್ರ ಸೇವೆಯಲ್ಲಿ ಪಾಲ್ಗೊಂಡ ಕಂಪನಿಗಳಿಗೆ ಹೋಗುತ್ತದೆ. 18 ದಾಟದವರಿಗೆ ‘ಟೇಕ್ ಇಟ್ ಡೌನ್’ ಎಂಬ ಪ್ರತ್ಯೇಕ ವ್ಯವಸ್ಥೆ. ಪೊಲೀಸ್ ದೂರಿಗೆ ಶಿವಮೊಗ್ಗದ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಅಥವಾ ಸೈಬರ್ ಕ್ರೈಂ ಪೋರ್ಟಲ್. ಪೋರ್ಟಲ್‌ನಲ್ಲಿ ಮಹಿಳೆ ಮತ್ತು ಮಕ್ಕಳ ವಿಭಾಗದಲ್ಲಿ ಹೆಸರು ಹೇಳದೆಯೂ ದೂರು ಕೊಡಬಹುದು, ಆದರೆ ಹಾಗೆ ಕೊಟ್ಟರೆ ಮುಂದೆ ಅದರ ಜಾಡು ಹಿಡಿಯಲಾಗುವುದಿಲ್ಲ.

ಸಾಲದ ಆ್ಯಪ್‌ಗಳ ಕಥೆ ಬೇರೆ. ಒಂದು ಲೆಕ್ಕ ನೋಡಿ: 5,000 ರೂಪಾಯಿ ಸಾಲ, ‘ಪ್ರೊಸೆಸಿಂಗ್’ ಅಂತ 1,000 ಮುರಿದು ಕೈಗೆ 4,000, ಏಳು ದಿನಕ್ಕೆ ತುಂಬಬೇಕಾದ್ದು 5,000. ವಾರಕ್ಕೆ ಶೇ 25, ವರ್ಷಕ್ಕೆ ಹರಡಿದರೆ ಶೇ 1,300ರ ಸುಮಾರು. ಇಂಥದ್ದು ಕಣ್ಣಿಗೆ ಕಾಣಲಿ ಅಂತಲೇ ರಿಸರ್ವ್ ಬ್ಯಾಂಕ್ ಸಾಲ ಕೊಡುವ ಮೊದಲು ವಾರ್ಷಿಕ ದರ ನಮೂದಿಸಿದ ಮುಖ್ಯಾಂಶ ಪತ್ರ ಕೊಡಬೇಕು ಅಂದಿದೆ. ಕನಿಷ್ಠ ಒಂದು ದಿನದ ಅವಧಿಯಲ್ಲಿ ಸಾಲ ಬೇಡ ಅಂತ ದಂಡವಿಲ್ಲದೆ ಹಿಂದಿರುಗಿಸಬಹುದು. ಕಾಂಟ್ಯಾಕ್ಟ್ ಪಟ್ಟಿ, ಕರೆ ವಿವರ, ಫೋಟೊ ಗ್ಯಾಲರಿಗೆ ಆ್ಯಪ್ ಕೈಹಾಕುವಂತಿಲ್ಲ; ಕ್ಯಾಮೆರಾ, ಮೈಕ್, ಲೊಕೇಶನ್ ಕೂಡ ಗುರುತು ಪರಿಶೀಲನೆಗೆ ಒಂದು ಸಲ, ಅದೂ ನಿಮ್ಮ ಒಪ್ಪಿಗೆಯ ಮೇಲೆ. ಆದ್ದರಿಂದ ‘ಅಲೋ ಕಾಂಟ್ಯಾಕ್ಟ್ಸ್’ ಅಂತ ಕೇಳುವ ಪರದೆಯ ಸ್ಕ್ರೀನ್‌ಶಾಟೇ ನಿಮ್ಮ ಅತ್ಯುತ್ತಮ ಸಾಕ್ಷಿ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ ಆ್ಯಪ್‌ನ ಪರ್ಮಿಷನ್ ಪುಟವನ್ನೂ ತೆಗೆದಿಡಿ, ಆಮೇಲೆ ಎಲ್ಲ ಪರ್ಮಿಷನ್ ಕಿತ್ತುಹಾಕಿ.

ಆ್ಯಪ್ ಹಿಂದೆ ನೋಂದಾಯಿತ ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ಇದೆಯೇ ಎಂದು ರಿಸರ್ವ್ ಬ್ಯಾಂಕ್‌ನ ವೆಬ್‌ಸೈಟಿನ ಡಿಜಿಟಲ್ ಸಾಲ ಆ್ಯಪ್ ಪಟ್ಟಿಯಲ್ಲಿ ನೋಡಿ. ಇದ್ದರೆ ಆ ಬ್ಯಾಂಕಿಗೇ ದೂರು ಕೊಡಿ, 30 ದಿನದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ (ಬ್ಯಾಂಕುಗಳ ಮೇಲಿನ ದೂರು ಆಲಿಸುವ ಅಧಿಕಾರಿ), ಸಹಾಯವಾಣಿ 14448. ಇಲ್ಲದಿದ್ದರೆ ಅದು ಪೊಲೀಸ್ ಕೇಸು. ನೋಂದಣಿಯಿಲ್ಲದವರು ಬೆದರಿಸಿ ವಸೂಲಿ ಮಾಡಿದರೆ 2025ರಲ್ಲಿ ಬಂದ ರಾಜ್ಯದ ಮೈಕ್ರೋ ಸಾಲ ಕಾನೂನಿನಲ್ಲಿ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡವಿದೆ. ನೆಂಟರಿಷ್ಟರಿಗೆ ಫೋನ್ ಹೋಗಿ ಮರ್ಯಾದೆ ಹೋಯಿತು ಅಂತ ಇನ್ನೊಂದು ಆ್ಯಪ್‌ನಿಂದ ಸಾಲ ತೆಗೆದು ಇದನ್ನು ತೀರಿಸುವುದು ಮಾತ್ರ ಬೇಡ. ಎಷ್ಟೋ ಸಲ ಎರಡೂ ಆ್ಯಪ್ ಒಬ್ಬರದೇ ಆಗಿರುತ್ತದೆ.

ಹಣ ಕೊಟ್ಟು ಪಡೆದ ಸೇವೆಯಲ್ಲಿ ಮೋಸವಾಗಿದ್ದರೆ ನನ್ನ ಮೆಚ್ಚಿನ ಬಾಗಿಲು ಜಿಲ್ಲಾ ಗ್ರಾಹಕರ ಆಯೋಗ. ಕಾರಣ ಒಂದೇ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಕಲಂ ಪ್ರಕಾರ ದೂರುದಾರರು ವಾಸವಿರುವ ಅಥವಾ ದುಡಿಯುವ ಜಾಗದಲ್ಲೇ ಕೇಸು ಹಾಕಬಹುದು. ‘ವ್ಯಾಜ್ಯಗಳು ಗುರುಗ್ರಾಮದ ನ್ಯಾಯಾಲಯದ ವ್ಯಾಪ್ತಿಗೆ’ ಅಂತ ಆ್ಯಪ್‌ನ ಷರತ್ತಿನಲ್ಲಿ ಬರೆದಿದ್ದರೆ ಬರೆದುಕೊಳ್ಳಲಿ, ಹೊಸನಗರದವರು ಶಿವಮೊಗ್ಗಕ್ಕೆ ಬಸ್ ಹತ್ತಿದರೆ ಸಾಕು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಶುಲ್ಕವೇ ಇಲ್ಲ. ಎರಡು ವರ್ಷದೊಳಗೆ ಹಾಕಬೇಕು. ಈ-ಜಾಗೃತಿ ಪೋರ್ಟಲ್‌ನಲ್ಲಿ ಮನೆಯಿಂದಲೇ ಸಲ್ಲಿಸಬಹುದು. ನೋಟಿಸ್ ತಲುಪಿದ ಮೇಲೆ ಕಂಪನಿ 30 ದಿನದಲ್ಲಿ, ಹೆಚ್ಚೆಂದರೆ ಇನ್ನೂ 15 ದಿನ ಸೇರಿಸಿ, ಉತ್ತರ ಕೊಡಬೇಕು. 45 ದಾಟಿದರೆ ಆಯೋಗವೂ ಸಮಯ ಕೊಡುವಂತಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನ ಪೀಠ ಹೇಳಿದೆ. ಬುಟ್ಟಿಗೆ ತಾನಾಗಿ ವಿಮೆ ಸೇರಿಸುವುದು, ಸದಸ್ಯತ್ವ ರದ್ದು ಮಾಡುವ ಗುಂಡಿ ಬಚ್ಚಿಡುವುದು ಇಂಥ 13 ಬಗೆಯ ವಂಚಕ ವಿನ್ಯಾಸಗಳನ್ನು 2023ರ ನವೆಂಬರ್‌ನ ಮಾರ್ಗಸೂಚಿ ನಿಷೇಧಿಸಿದೆ. ದೂರಿನಲ್ಲಿ ಅದನ್ನು ಹೆಸರಿಸಿ.

ಇಲ್ಲಿ ಎಡವುವುದು ಎರಡು ಕಡೆ. ಒಂದು, ಎದುರುದಾರರ ಹೆಸರು. ಬ್ರ್ಯಾಂಡ್ ಹೆಸರು ಬರೆದರೆ ನೋಟಿಸ್ ವಾಪಸ್ ಬರುತ್ತದೆ. ಬಿಲ್ಲಿನ ಅಡಿಯಲ್ಲಿ ಸಣ್ಣಕ್ಷರದಲ್ಲಿರುವ ಪ್ರೈವೇಟ್ ಲಿಮಿಟೆಡ್ ಹೆಸರು ಮತ್ತು ನೋಂದಾಯಿತ ವಿಳಾಸ ಬೇಕು. ಎರಡು, ನೆಟ್‌ವರ್ಕ್ ಇಲ್ಲದ ಊರಿನವರು ಗ್ರಾಮ ಒನ್‌ನಲ್ಲಿ ಅರ್ಜಿ ತುಂಬಿಸುವಾಗ ಅಲ್ಲಿಯವರ ಮೊಬೈಲ್ ನಂಬರೇ ಹಾಕಿಬಿಡುವುದು. ಆಮೇಲೆ ವಿಚಾರಣೆಯ ದಿನಾಂಕ ಅವರ ಫೋನಿಗೆ ಬರುತ್ತದೆ, ನಿಮಗೆ ಸುಳಿವೇ ಇರುವುದಿಲ್ಲ. ಒಟಿಪಿಗೆ ಗುಡ್ಡ ಹತ್ತಬೇಕಾದ ಕಡೆಯವರು ಅರ್ಜಿಯನ್ನು ಮೊದಲು ಕಾಗದದ ಮೇಲೆ ಪೂರ್ತಿ ಬರೆದುಕೊಂಡು, ಸ್ವಂತ ನಂಬರಿನ ಫೋನ್ ಹಿಡಿದು ಪೇಟೆಗೆ ಹೋಗುವುದು ಮೇಲು. ಪುಕ್ಕಟೆ ಜಾಲತಾಣಗಳ ಮೇಲೆ ಈ ಬಾಗಿಲು ಸುಲಭಕ್ಕೆ ತೆರೆಯದು. ಹಣ ಕೊಟ್ಟಿಲ್ಲದವರು ಗ್ರಾಹಕರೇ ಅಲ್ಲ ಎಂಬ ವಾದ ಬರುತ್ತದೆ. ವಕೀಲರಿಗೆ ಕೊಡಲು ಕಾಸಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ಫೋನ್ 15100. ಮಹಿಳೆಯರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯದ ಮಿತಿಯೂ ಇಲ್ಲ.

ಡೆಲಿವರಿ ಹುಡುಗರಿಗೆ ಗ್ರಾಹಕರ ಆಯೋಗ ಒದಗದು, ಅವರು ಗ್ರಾಹಕರಲ್ಲವಲ್ಲ. ಅವರಿಗೆ 2025ರ ಕರ್ನಾಟಕ ಪ್ಲಾಟ್‌ಫಾರಂ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಇದೆ. ಕಾರಣವನ್ನು ಬರಹದಲ್ಲಿ ಕೊಟ್ಟು, 14 ದಿನ ಮುಂಚೆ ತಿಳಿಸದೆ ಕೆಲಸದಿಂದ ತೆಗೆಯುವಂತಿಲ್ಲ. ಷರತ್ತು ಬದಲಿಸುವುದಕ್ಕೂ 14 ದಿನದ ಮುನ್ಸೂಚನೆ ಬೇಕು. ಕೆಲಸ ಹಂಚುವ, ರೇಟಿಂಗ್ ಕೊಡುವ ಯಂತ್ರದ ಲೆಕ್ಕಾಚಾರ ತನ್ನ ದುಡಿಮೆಯನ್ನು ಹೇಗೆ ತಟ್ಟುತ್ತದೆ ಎಂದು ಕಾರ್ಮಿಕ ಕೇಳಬಹುದು. ಕಾರ್ಮಿಕನಿಗೆ ಕೊಡುವ ಮೊತ್ತದ ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಯು ಗಿಗ್ ಕಾರ್ಮಿಕರ ಕಲ್ಯಾಣ ಮಂಡಳಿಗೆ ಕಟ್ಟಬೇಕು.

ಆದರೆ ಐಡಿ ಬ್ಲಾಕ್ ಆದ ಕ್ಷಣ ಆ್ಯಪ್‌ನೊಳಗಿನ ಎಲ್ಲ ದಾಖಲೆಗೂ ಬೀಗ ಬೀಳುತ್ತದೆ. ವಾರದ ಪಾವತಿ ಪಟ್ಟಿ, ಇನ್‌ಸೆಂಟಿವ್ ಸ್ಲ್ಯಾಬ್, ರೇಟಿಂಗ್, ದಂಡ ಕಡಿದ ಆರ್ಡರ್ ಎಲ್ಲ ಅದರೊಳಗೇ ಇರುವುದು. ಆದ್ದರಿಂದ ಪ್ರತಿ ಸೋಮವಾರ ಬೆಳಿಗ್ಗೆ ಆರ್ಡರ್ ಹಿಡಿಯುವ ಮುಂಚೆ ಹಿಂದಿನ ವಾರದ ಪಟ್ಟಿಯನ್ನು ಸ್ಕ್ರೀನ್‌ಶಾಟ್ ತೆಗೆದು ಇಮೇಲ್‌ಗೆ ಹಾಕಿಕೊಳ್ಳಿ. ಮಳೆಗಾಲದಲ್ಲಿ ಬಿ.ಎಚ್. ರಸ್ತೆಯಲ್ಲಿ ನೀರು ನಿಂತು ಆರ್ಡರ್ ತಡವಾದರೆ ರಸ್ತೆಯ ಒಂದು ಫೋಟೊ, ಆರ್ಡರ್ ನಂಬರು. ಗ್ರಾಹಕರು ಫೋನ್ ಎತ್ತದಿದ್ದರೆ ಕರೆ ಮಾಡಿದ ಪಟ್ಟಿ. ಬ್ಲಾಕ್ ಆದ ದಿನ ಟೀಮ್ ಲೀಡರ್‌ಗೆ ಫೋನ್ ಮಾಡಿ ಅಂಗಲಾಚುವ ಬದಲು ‘ಯಾವ ಕಾರಣಕ್ಕೆ, ಯಾವ ಆರ್ಡರ್‌ಗೆ, ಯಾರು ತೀರ್ಮಾನಿಸಿದರು’ ಅಂತ ಇಮೇಲ್ ಕಳಿಸಿ. ಫೋನಿನಲ್ಲಿ ಅಂದದ್ದು ಗಾಳಿಗೆ ಹೋಯಿತು ಅಂತಲೇ ಲೆಕ್ಕ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ಎಲ್ಲರೂ ಕೇಳುತ್ತಾರೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳು. ಒಪ್ಪಿಗೆಯ ನೋಟಿಸನ್ನು ಕನ್ನಡದಲ್ಲಿ ಓದುವ ಆಯ್ಕೆ ಕೊಡಬೇಕು ಎಂಬುದು ಅದರಲ್ಲಿನ ಒಳ್ಳೆಯ ಅಂಶ. ದಂಡ 250 ಕೋಟಿವರೆಗೆ ಇದೆ, ಆದರೆ ಅದು ಸರ್ಕಾರದ ಖಜಾನೆಗೆ. ಮಾಹಿತಿ ಸೋರಿ ನಷ್ಟವಾದವರಿಗೆ ಒಂದು ರೂಪಾಯಿಯೂ ಇಲ್ಲ.

ಒಬ್ಬರ ದೂರು ಒಬ್ಬರ ಖಾತೆಯನ್ನು ಸರಿಮಾಡೀತು. ಕಂಪನಿಯ ನಡವಳಿಕೆ ಬದಲಾಗಬೇಕಾದರೆ ಒಂದೇ ಬಗೆಯ ಹತ್ತಾರು ದೂರು ಒಂದೇ ನಮೂನೆಯಲ್ಲಿ ಬೇಕು. ಸ್ವಸಹಾಯ ಸಂಘ, ಆಟೊ ಚಾಲಕರ ಸಂಘ, ಕಾಲೇಜಿನ ಎನ್‌ಎಸ್‌ಎಸ್ ಘಟಕ ಯಾರಾದರೂ ಒಂದು ನೋಟ್‌ಬುಕ್ ಇಟ್ಟರೆ ಸಾಕು: ದಿನಾಂಕ, ಆ್ಯಪ್, ಏನಾಯಿತು, ದೂರು ಸಂಖ್ಯೆ, ಗಡುವು, ಉತ್ತರ. ಹೆಸರುಗಳನ್ನು ಬೇರೆ ಪುಸ್ತಕದಲ್ಲಿ ಬರೆಯಿರಿ, ಈ ಪಟ್ಟಿ ಕೈತಪ್ಪಿದರೆ ಯಾರಿಗೂ ತೊಂದರೆ ಆಗಬಾರದು. ಕಂಪನಿಗಳು ಮಾಹಿತಿ ಹಕ್ಕಿಗೆ ಬರುವುದಿಲ್ಲ, ಅವುಗಳ ಮೇಲೆ ಕಣ್ಣಿಡಬೇಕಾದ ಇಲಾಖೆಗಳು ಬರುತ್ತವೆ. ಕಾರ್ಮಿಕ ಇಲಾಖೆಗೆ 10 ರೂಪಾಯಿಯ ಅರ್ಜಿ ಹಾಕಿ ಕೇಳಿ: ಶಿವಮೊಗ್ಗ ಜಿಲ್ಲೆಯ ಎಷ್ಟು ಗಿಗ್ ಕಾರ್ಮಿಕರ ಹೆಸರು ನೋಂದಣಿಯಾಗಿದೆ, ಯಾವ ಯಾವ ಕಂಪನಿ ಕೊಟ್ಟಿದೆ, ಕಲ್ಯಾಣ ಶುಲ್ಕ ಎಷ್ಟು ಜಮೆಯಾಗಿದೆ. ಕರ್ನಾಟಕದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಸಾಲದ ಆ್ಯಪ್‌ನ ಪ್ರಶ್ನೆಯನ್ನು ಅದಕ್ಕೇ ತುರುಕಿದರೆ ಎರಡಕ್ಕೂ ಉತ್ತರ ಸಿಗದು. 30 ದಿನದಲ್ಲಿ ಉತ್ತರ ಬಾರದಿದ್ದರೆ ಮುಂದಿನ 30 ದಿನದೊಳಗೆ ಅದೇ ಇಲಾಖೆಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ.